ದಪ್ಪ ದನಿಯ ಗೆಳೆಯರು, ಸಣ್ಣ ದನಿಯ ಹುಡುಗ

ಹಾಸನದ ಓದುಗರಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಅಕ್ಕನ ಮಗನಿಗೆ 19 ವರ್ಷ, ದನಿ ಸಣ್ಣದು, ಮಾತಾಡುವಾಗ ಕೈ ಜಾಸ್ತಿ ಆಡಿಸುತ್ತಾನೆ, ಕಾಲೇಜಿನಲ್ಲಿ ‘ಹೆಣ್ಣಿಗ’ ಅಂತ ರೇಗಿಸುತ್ತಾರೆ, ಅವನು ಗೇ ಇರಬಹುದಾ, ಡಾಕ್ಟರಿಗೆ ತೋರಿಸಬೇಕಾ ಅಂತ ಕೇಳಿದ್ದೀರಿ. ಅದೇ ಕಾಗದದಲ್ಲಿ ನಿಮ್ಮ ಆಫೀಸಿನ ಗೆಳೆಯರೊಬ್ಬರ ವಿಷಯವೂ ಇದೆ. ಹುರಿ ಮೀಸೆ, ಗುಡುಗಿನಂಥ ದನಿ, ಕಬಡ್ಡಿ ಆಡಿದ ಮೈ. ಅವರು ತಾವು ಗೇ ಅಂತ ನಿಮ್ಮ ಹತ್ತಿರ ಹೇಳಿಕೊಂಡಾಗ ‘ನೋಡಿದರೆ ಗೊತ್ತೇ ಆಗಲ್ಲ’ ಅಂದಿರಂತೆ. (ಅವರ ಹೆಸರನ್ನೂ ಬರೆದಿದ್ದಿರಿ, ನಾನು ಹೊಡೆದುಹಾಕಿದ್ದೇನೆ. ಅವರು ಹೇಳಿದ್ದು ನಿಮಗೆ, ಊರಿಗಲ್ಲ.)

ಹತ್ತು ವರ್ಷ ಪಕ್ಕದಲ್ಲೇ ಕೂತವರ ವಿಷಯ ಗೊತ್ತಾಗಲಿಲ್ಲ, ಹುಡುಗನ ವಿಷಯ ಮಾತ್ರ ದನಿ ಕೇಳಿದರೆ ಗೊತ್ತಾಗಿಬಿಡುತ್ತದೆ ಅಂತೀರಲ್ಲ, ಅದು ಹೇಗೆ?

ಟೊರಾಂಟೊ ವಿಶ್ವವಿದ್ಯಾಲಯದ ರಾನ್ ಸ್ಮಿತ್, ಹೆನ್ರಿ ರಾಜರ್ಸ್ ಮತ್ತು ಜೊತೆಗಾರರು ಇದನ್ನೇ ಪರೀಕ್ಷೆ ಮಾಡಿ 2003ರಲ್ಲಿ ಪ್ರಕಟಿಸಿದರು. 25 ಗಂಡಸರ ದನಿ ಕೇಳಿಸಿ, ಇವರಲ್ಲಿ ಗೇ ಯಾರು ಅನಿಸುತ್ತದೆ ಅಂತ ಕೇಳಿದರು. ಗೇ ಅನಿಸಿದ ದನಿಗಳಲ್ಲಿ ಗೇ ಅಲ್ಲದವರದ್ದೂ ಇತ್ತು, ಅನಿಸದೇ ಇದ್ದವುಗಳಲ್ಲಿ ಗೇ ಗಂಡಸರದ್ದೂ ಇತ್ತು. ನಮ್ಮ ಊಹೆ ಒಮ್ಮೆ ಸರಿಯಾದರೆ ‘ನಾನು ಆಗಲೇ ಹೇಳಿರಲಿಲ್ವಾ’ ಅಂತೀವಿ, ತಪ್ಪಿದ್ದು ನಮ್ಮ ಗಮನಕ್ಕೇ ಬರುವುದಿಲ್ಲ, ಯಾಕೆಂದರೆ ನಿಮ್ಮ ಆಫೀಸಿನ ಗೆಳೆಯರಂಥವರು ಬಾಯಿಬಿಡುವುದೇ ಅಪರೂಪ.

ಹಾವಭಾವವೂ ಅಷ್ಟೇ. ನಮ್ಮಲ್ಲಿ ಇಬ್ಬರು ಗೆಳೆಯರು ಕಿರುಬೆರಳು ಹಿಡಿದುಕೊಂಡು ಸಂತೆಯೆಲ್ಲ ಸುತ್ತಿದರೂ ಯಾರೂ ತಿರುಗಿ ನೋಡುವುದಿಲ್ಲ. ಅದೇ ಜೋಡಿ ಅಮೆರಿಕದಲ್ಲಿ ಹಾಗೆ ನಡೆದರೆ ಗೇ ಅಂತಲೇ ಲೆಕ್ಕ. ಯಕ್ಷಗಾನದ ಸ್ತ್ರೀವೇಷಕ್ಕೆ ರಾತ್ರಿಯೆಲ್ಲ ಕೂತು ಚಪ್ಪಾಳೆ ತಟ್ಟುವವರೂ ನಾವೇ, ಬೆಳಿಗ್ಗೆ ಬಸ್ಸಿನಲ್ಲಿ ಅದೇ ಒಯ್ಯಾರ ಕಂಡರೆ ಕಿಸಕ್ಕನೆ ನಗುವವರೂ ನಾವೇ.

ಊಹೆ ಸುಳ್ಳಾದರೂ ಪೆಟ್ಟು ಮಾತ್ರ ಸುಳ್ಳಲ್ಲ. ನಮ್ಮ ಹಾಸ್ಟೆಲಿನಲ್ಲಿ ಒಬ್ಬ ಇದ್ದ. ಹಾಜರಿ ಕರೆದಾಗ ‘ಎಸ್ ಸಾರ್’ ಅಂದರೆ ಹಿಂದಿನ ಬೆಂಚಿನವರು ಅದೇ ರಾಗದಲ್ಲಿ ಅಣಕಿಸುತ್ತಿದ್ದರು. ಹಿಂದಿನ ಬೆಂಚಿನಲ್ಲಿ ನಾನೂ ಇದ್ದೆ. ಎರಡನೇ ವರ್ಷ ಬರುವ ಹೊತ್ತಿಗೆ ಅವನು ಬಾಯಿ ತೆರೆಯುವುದನ್ನೇ ಬಿಟ್ಟು ಸುಮ್ನೆ ಕೈ ಎತ್ತುತ್ತಿದ್ದ. ಅವನು ಗೇ ಹೌದೋ ಅಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಇನ್ನು ಡಾಕ್ಟರ ವಿಷಯ. ಹರೆಯ ದಾಟಿದರೂ ಕೆಲವು ಹುಡುಗರ ದನಿ ಒಡೆಯುವುದಿಲ್ಲ. ಅದಕ್ಕೆ ಪ್ಯೂಬರ್ಫೋನಿಯಾ ಅಂತಾರೆ, ಮಾತಿನ ತರಬೇತಿಯಿಂದ ಸಾಮಾನ್ಯವಾಗಿ ಸರಿಹೋಗುತ್ತದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇರುವುದೇ ಮಾತು, ದನಿ, ಕೇಳ್ಮೆಯ ತೊಂದರೆಗಳಿಗೆ. ಆದರೆ ಅಲ್ಲಿಗೆ ಹೋಗಬೇಕು ಅಂತ ಅವನಿಗೆ ಅನಿಸಬೇಕು, ನಿಮಗಲ್ಲ. ಒಂದು ವೇಳೆ ಅವನು ಗೇ ಆಗಿದ್ದರೆ ಅದಕ್ಕೆ ಔಷಧಿ ಇಲ್ಲ, ಬೇಕಾಗಿಯೂ ಇಲ್ಲ. ‘ಬದಲಾಯಿಸಿ ಕೊಡ್ತೀನಿ’ ಅನ್ನುವ ಡಾಕ್ಟರ್ ಸಿಕ್ಕರೆ ಎದ್ದು ಬನ್ನಿ. ಅಂಥ ಚಿಕಿತ್ಸೆ ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ.

ಕಾಲೇಜಿಗೆ ಮಾತ್ರ ನೀವು ಖಂಡಿತ ಹೋಗಿ. ಯುಜಿಸಿಯ ರ‍್ಯಾಗಿಂಗ್ ವಿರೋಧಿ ನಿಯಮಕ್ಕೆ 2016ರಲ್ಲಿ ತಂದ ತಿದ್ದುಪಡಿಯಲ್ಲಿ ಲಿಂಗ, ಲೈಂಗಿಕ ಒಲವು, ರೂಪ ಇವುಗಳ ಹೆಸರಲ್ಲಿ ಹಿಂಸೆ ಕೊಡುವುದೂ ರ‍್ಯಾಗಿಂಗೇ ಅಂತ ಸೇರಿಸಿದ್ದಾರೆ. ದೂರನ್ನು ಬರವಣಿಗೆಯಲ್ಲಿ ಕೊಡಿ. ಅದಕ್ಕೂ ಮೊದಲು ಹುಡುಗನನ್ನು ಒಂದು ಮಾತು ಕೇಳಿ.

ಮುಂದಿನ ತಿಂಗಳ ಮದುವೆಯಲ್ಲಿ ಬೀಗರ ಮುಂದೆ ಜಾಸ್ತಿ ಮಾತಾಡಬೇಡ ಅಂತ ಅವನಿಗೆ ಹೇಳಿಟ್ಟಿದ್ದೀರಂತೆ. ಆ ಮಾತು ವಾಪಸ್ ತಗೊಳ್ಳಿ. ಬೀಗರು ಏನಾದರೂ ಅಂದರೆ ನೀವು ಉತ್ತರ ಕೊಡಿ, ನಿಮ್ಮ ದನಿ ದಪ್ಪ ಅಂತ ನೀವೇ ಬರೆದಿದ್ದೀರಲ್ಲ.

ಸಂಪಾದಕ