ಅಗ್ಗದ ಮಾತ್ರೆ ಅಮ್ಮನಿಗೆ ಬೇಡವಂತೆ

ಪ್ರಶ್ನೆ: ಅಮ್ಮನಿಗೆ ಹೊಸದಾಗಿ ಬಿ.ಪಿ. ಶುರುವಾಗಿದೆ. ಡಾಕ್ಟರ್ ಬರೆದದ್ದು ಬ್ರ್ಯಾಂಡ್ ಹೆಸರು. ಜನೌಷಧಿ ಕೇಂದ್ರದಿಂದ ಅದರಲ್ಲಿರುವ ಅದೇ ಔಷಧ, ಟೆಲ್ಮಿಸಾರ್ಟನ್, ತಂದರೆ, ‘ಇಷ್ಟು ಕಮ್ಮಿ ರೇಟಿನದು ಕೆಲಸ ಮಾಡುತ್ತಾ?’ ಎಂದು ಮುಟ್ಟುತ್ತಿಲ್ಲ. ಏನು ಮಾಡಲಿ?
– ಓದುಗರು, ಹಾವೇರಿ

ಉತ್ತರ: ತಾಯಿಯವರನ್ನು ಗದರಬೇಡಿ. ನನ್ನ ಬಳಿ ಬರುವ ಹಿರಿಯರೂ ಇದನ್ನೇ ಕೇಳುತ್ತಾರೆ. ಮೊದಲ ಚೀಟಿ ಬರೆಯುವಾಗಲೇ ಡಾಕ್ಟರ್ ‘ಜೆನೆರಿಕ್ (ಬ್ರ್ಯಾಂಡ್ ಹೆಸರಿಲ್ಲದ ಅದೇ ಔಷಧ) ತಗೊಳ್ಳಿ, ನಡೆಯುತ್ತೆ’ ಎಂದರೆ ಬಹಳಷ್ಟು ಜನ ಒಪ್ಪುತ್ತಾರೆ. ಬ್ರ್ಯಾಂಡ್ ರೂಢಿಯಾದ ಮೇಲೆ ಮಾತ್ರೆಯ ಬಣ್ಣ ಬದಲಾದರೂ ಭಯ. ಹಾಗಾಗಿ ಇದೇ ಸರಿಯಾದ ಸಮಯ.

ಎರಡೂ ಸ್ಟ್ರಿಪ್ ಪಕ್ಕಪಕ್ಕ ಇಟ್ಟು ತೋರಿಸಿ: ದೊಡ್ಡಕ್ಷರದ ಹೆಸರು ಬೇರೆ, ಔಷಧ ಒಂದೇ. ಎಂ.ಜಿ. ಕೂಡ ಒಂದೇ ಇರಬೇಕು, ಅದನ್ನು ನೀವೇ ಓದಿ ನೋಡಿ. ಬೆಲೆ ಇಳಿಯುವುದು ಮುಖ್ಯವಾಗಿ ಪ್ರಚಾರದ ಖರ್ಚು, ಅಂಗಡಿಯವರ ಲಾಭಾಂಶ ಕಡಿಮೆಯಾಗುವುದರಿಂದ. ಆ ಸ್ಟ್ರಿಪ್ಪನ್ನು ಡಾಕ್ಟರಿಗೂ ತೋರಿಸಿ, ಅಮ್ಮನಿಗೆ ಅವರ ಬಾಯಿಂದಲೇ ಹೇಳಿಸಿ. ಅಲ್ಲಿಯವರೆಗೆ ಬ್ರ್ಯಾಂಡಿನದೇ ನುಂಗಲಿ, ಒಂದು ದಿನವೂ ತಪ್ಪಬಾರದು. ಎರಡನ್ನೂ ಒಟ್ಟಿಗೆ ಮಾತ್ರ ಕೊಡಬೇಡಿ.

ಥೈರಾಯ್ಡ್, ಮೂರ್ಛೆರೋಗದ ಮಾತ್ರೆ ನುಂಗುತ್ತಿರುವವರು ಡಾಕ್ಟರನ್ನು ಕೇಳದೆ ಕಂಪನಿ ಬದಲಿಸಬಾರದು.