ಟಾಮ್‌ಗಾಗಿ ಅತ್ತವಳು ಕೊಟ್ಟ ಅರ್ಜಿ

ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬಂದು ಹಾಸ್ಟೆಲ್ ರೂಮು ಬದಲಿಸಿಕೊಡಿಸಿ ಅನ್ನುವವರಲ್ಲಿ ಇದೇ ಕಥೆ ಮತ್ತೆ ಮತ್ತೆ ಕಾಣುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಶಿರಸಿಯಲ್ಲಿ ಡಿಗ್ರಿ ಓದುವ ಹುಡುಗಿ. ಅಡಿಕೆ ತೋಟದ ಮನೆಯವಳು. ನಿದ್ದೆ ಇಲ್ಲ, ಊಟ ಸೇರಲ್ಲ ಅಂತ ಆಯಿ ಕರೆದುಕೊಂಡು ಬಂದಿದ್ದರು. ರೂಮಿನಲ್ಲಿ ಜೊತೆಗಿರುವವಳು ಯಲ್ಲಾಪುರ ಕಡೆಯ ಸಿದ್ದಿ ಹುಡುಗಿ, ಆಫ್ರಿಕಾ ಮೂಲದ ಸಮುದಾಯದವಳು. ಆಕೆಯ ಒಣಮೀನಿನ ಚಟ್ನಿ ವಾಸನೆ ತಡೆಯೋಕಾಗಲ್ಲ ಅಂತ ಇವಳು ವಾರ್ಡನ್‌ಗೆ ಅರ್ಜಿ ಕೊಟ್ಟಿದ್ದಳು. ಅದು ಗೊತ್ತಾಗಿ ಆಕೆ ಮಾತು ಬಿಟ್ಟಿದ್ದಳು. "ನೀವೊಂದು ಚೀಟಿ ಕೊಡಿ, ರೂಮು ಬದಲಿಸ್ತಾರೆ" ಅಂದರು ಆಯಿ.

ಮುಂದಿನ ಸಲ ಹುಡುಗಿ ಒಬ್ಬಳೇ ಬಂದಳು. ಇಂಗ್ಲಿಷ್ ಸಾಹಿತ್ಯ ಓದುವವಳು, ಆಗ ಕೈಯಲ್ಲಿದ್ದದ್ದು ಹಾರ್ಪರ್ ಲೀ ಅವರ 1960ರ ಕಾದಂಬರಿ ‘ಟು ಕಿಲ್ ಎ ಮಾಕಿಂಗ್‌ಬರ್ಡ್’. ಮಾಡದ ತಪ್ಪಿಗೆ ಟಾಮ್ ರಾಬಿನ್ಸನ್ ಅನ್ನೋ ಕಪ್ಪು ಮನುಷ್ಯನಿಗೆ ಕೋರ್ಟಿನಲ್ಲಿ ಏನಾಗುತ್ತದೆ ಅಂತ ಹೇಳುತ್ತಾ ಅತ್ತೇಬಿಟ್ಟಳು. ನಾಟಕ ಅಲ್ಲ, ನಿಜವಾದ ಅಳು. ಇನ್ನೊಬ್ಬರ ಚರ್ಮದೊಳಗೆ ಹೊಕ್ಕು ಓಡಾಡದೆ ಅವರು ಅರ್ಥ ಆಗಲ್ಲ ಅಂತ ಟಾಮ್ ಪರ ವಾದಿಸುವ ವಕೀಲ ಅಟಿಕಸ್ ತನ್ನ ಮಗಳು ಸ್ಕೌಟ್‌ಗೆ ಹೇಳುತ್ತಾನಲ್ಲ, ಅದನ್ನೂ ಹೇಳಿದಳು.

ಆ ಮಾತು ಕಥೆಯಲ್ಲಿ ಯಾವಾಗ ಬರುತ್ತೆ ಅಂತ ಕೇಳಿದೆ. ಟಾಮ್ ವಿಷಯಕ್ಕಲ್ಲ ಅದು. ಸ್ಕೌಟ್ ಶಾಲೆಗೆ ಹೋದ ಮೊದಲ ದಿನ, ಹೊಸ ಟೀಚರ್ ಮೇಲೆ ಸಿಟ್ಟಾಗಿ ಬಂದಾಗ. ಅವಳಿಗೆ ನೆನಪಿತ್ತು. ಅದೇ ದಿನ ಮಧ್ಯಾಹ್ನ? ಊಟಕ್ಕೆ ಬಂದ ಬಡ ಹುಡುಗ ವಾಲ್ಟರ್ ತರಕಾರಿ, ಮಾಂಸ ಎಲ್ಲದರ ಮೇಲೂ ನಮ್ಮ ಜೋನಿಬೆಲ್ಲದಂಥ ಪಾಕ ಸುರಿದುಕೊಳ್ಳುತ್ತಾನೆ, ಇದೇನು ಮಾಡ್ತಿದಾನೆ ಅಂತ ಸ್ಕೌಟ್ ಎಲ್ಲರೆದುರೇ ಕೇಳಿಬಿಡುತ್ತಾಳೆ, ಅಡುಗೆಯ ಕಲ್ಪರ್ನಿಯಾ ಅವಳನ್ನು ಒಳಗೆ ಕರೆದು ಚೆನ್ನಾಗಿ ಬೈಯುತ್ತಾಳೆ. ಕಲ್ಪರ್ನಿಯಾ ಕೂಡ ಕಪ್ಪು ಹೆಂಗಸೇ. ಇಷ್ಟು ಹೇಳುವಷ್ಟರಲ್ಲಿ ಹುಡುಗಿಯ ದನಿ ಇಳಿದಿತ್ತು.

"ಹಾಸ್ಟೆಲ್‌ನಲ್ಲಿ ಬೇರೆ ಯಾರೂ ಮೀನು ತರಲ್ವಾ?"

"ಪಕ್ಕದ ರೂಮಿನವಳು ತರ್ತಾಳೆ. ಕಾರವಾರದವಳು. ಒಣ ಸಿಗಡಿ."

"ವಾಸನೆ ಬರಲ್ವಾ?"

"ಬರತ್ತೆ ಮೇಡಂ." ಸ್ವಲ್ಪ ತಡೆದು, "ನಾನು ದಿನಾ ಅವಳ ಮಂಚದ ಮೇಲೇ ಕೂತು ಓದೋದು."

ಆಮೇಲೆ ಮಾತಾಡಲಿಲ್ಲ. ನಾನೂ ಸಮಾಧಾನ ಮಾಡೋಕೆ ಹೋಗಲಿಲ್ಲ.

ಚೀಟಿ ಕೊಡಲಿಲ್ಲ. ಅರ್ಜಿ ನೀನೇ ವಾಪಸ್ ತಗೋ ಅಂದೆ. ವಾಸನೆ ನಿಜಕ್ಕೂ ಕಷ್ಟ ಆದರೆ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ ಅಂತ ಇಬ್ಬರಿಗೂ ಒಂದೇ ಮಾತು ಹೇಳು. ಆಕೆ ಹತ್ತಿರ ಒಂದೇ ಸಲ ತಪ್ಪಾಯ್ತು ಅನ್ನು, ಅಳಬೇಡ, ನೀನು ಅತ್ತರೆ ಆಕೆಯೇ ನಿನ್ನನ್ನು ಸಮಾಧಾನ ಮಾಡಬೇಕಾಗುತ್ತೆ. ಕಾದಂಬರಿ ಸುದ್ದಿಯಂತೂ ಎತ್ತಲೇಬೇಡ.

ನಿದ್ದೆ ಇಲ್ಲ ಅಂತ ಬಂದವಳಿಗೆ ನೀತಿಪಾಠ ಯಾಕೆ ಅಂತ ಜೊತೆ ಕೆಲಸ ಮಾಡುವವರೊಬ್ಬರು ಕೇಳಿದರು. ನಿದ್ದೆ ಕೆಡಿಸಿದ್ದೇ ಆ ಅರ್ಜಿ, ರೂಮು ಬದಲಾಗಿದ್ದರೆ ಅದರ ಕೊರಗೂ ಹಾಸಿಗೆ ಜೊತೆ ಹೊಸ ರೂಮಿಗೆ ಹೋಗುತ್ತಿತ್ತು. ಟಾಮ್‌ಗಾಗಿ ಅಳೋದು ಸುಲಭ, ಅವನು ಪಕ್ಕದ ಮಂಚದಲ್ಲಿ ಮಲಗಲ್ಲ. ಯಲ್ಲಾಪುರ, ಹಳಿಯಾಳ, ಅಂಕೋಲಾದಲ್ಲಿ ಸಿದ್ದಿಗಳು ತಲೆಮಾರುಗಳಿಂದ ಇದ್ದಾರೆ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೂ ಸೇರಿದರು. ಆದರೂ ಬಸ್ಸಲ್ಲಿ ಪಕ್ಕದಲ್ಲಿ ಕೂತವರು "ಯಾವ ದೇಶ?" ಅನ್ನುತ್ತಾರೆ. ಅದನ್ನು ಕೇಳಿ ಕೇಳಿ ಸಾಕಾದ ಹುಡುಗಿಯರು ನನ್ನ ಹತ್ತಿರ ಬರೋದು ಕಡಿಮೆ, ಬರೋದೆಲ್ಲ ಅರ್ಜಿ ಕೊಟ್ಟವರೇ. ಹಾಗಿರುವಾಗ ಅರ್ಜಿ ಕೊಟ್ಟವರನ್ನಷ್ಟೇ ಹಗುರ ಮಾಡಿ ಕಳಿಸೋಕೆ ನನಗೆ ಮನಸ್ಸು ಬರಲ್ಲ.

ಅರ್ಜಿ ವಾಪಸ್ ತಗೊಂಡಳು. ತಪ್ಪಾಯ್ತು ಅಂದಾಗ ಆ ಸಿದ್ದಿ ಹುಡುಗಿ "ಸರಿ" ಅಂದಳಂತೆ, ಅಷ್ಟೆ. ಮುಂದಿನ ಸೆಮಿಸ್ಟರ್‌ಗೆ ಆಕೆಯೇ ಕೇಳಿಕೊಂಡು ಬೇರೆ ರೂಮಿಗೆ ಹೋದಳು. ಆಯಿ ಫೋನ್ ಮಾಡಿ, "ಅದನ್ನೇ ಮೊದಲೇ ಮಾಡಿದ್ದರೆ ಆಗ್ತಿರಲಿಲ್ವಾ?" ಅಂದರು. ಈ ಸಲ ಅದು ಆಕೆ ಕೇಳಿದ್ದು, ಆಕೆಯನ್ನು ಹೊರಗೆ ಹಾಕಿದ್ದಲ್ಲ ಅಂದೆ. ಅವರಿಗೆ ಒಪ್ಪಿಗೆ ಆಗಲಿಲ್ಲ. ಮಗಳಿಗೆ ಈಗ ನಿದ್ದೆ ಬರ್ತಿದೆಯಂತೆ.