ಮಗು ಗಟ್ಟಿಯಾಗಿದೆ, ಸ್ಟಿರಾಯ್ಡ್ ನಿಲ್ಲಿಸಬಹುದೇ?

ಪ್ರಶ್ನೆ: ನಮ್ಮ ಮಗನಿಗೆ 5 ತಿಂಗಳು. ಹುಟ್ಟಿದ 16ನೇ ದಿನ ವಾಂತಿಯಾಗಿ ಸೊರಗಿದಾಗ, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಜನ್ಮಜಾತ ದೋಷವೆಂದು ಹೇಳಿ ಹೈಡ್ರೊಕಾರ್ಟಿಸೋನ್, ಫ್ಲೂಡ್ರೊಕಾರ್ಟಿಸೋನ್ ಮಾತ್ರೆಗಳನ್ನೂ ಉಪ್ಪನ್ನೂ ಕೊಡಲು ತಿಳಿಸಿದರು. ಈಗ ಮಗು ಮೈತುಂಬಿಕೊಂಡಿದೆ. ಸ್ಟಿರಾಯ್ಡ್ ಬಿಡಿಸಿ ಬೇರಿನ ಔಷಧಿ ಕೊಡುತ್ತೇವೆ ಎಂದು ನಾಟಿ ಔಷಧಿಯವರು ಹೇಳುತ್ತಾರೆ. ಬಿಸಿಲಿಗೆ ಎಳನೀರು ಕುಡಿಸಬಹುದೇ?
— ಒಬ್ಬ ತಾಯಿ, ಮಾನ್ವಿ ತಾಲ್ಲೂಕು

ಉತ್ತರ: ಮಾತ್ರೆಯನ್ನು ಒಂದು ಹೊತ್ತೂ ತಪ್ಪಿಸಬಾರದು, ಎಳನೀರನ್ನೂ ಕೊಡಬಾರದು. ರಾಯಚೂರಿನಲ್ಲಿ ಬಿಸಿಲೇರಿದಾಗಲೆಲ್ಲ ಇದೇ ಪ್ರಶ್ನೆ ಬರುತ್ತಿರುವುದರಿಂದ ಈ ಸಲ ಹೆಚ್ಚಿನ ಜಾಗವನ್ನು ಇದಕ್ಕೇ ಕೊಡುತ್ತೇನೆ.

ಈ ದೋಷವಿರುವ ಬಹುತೇಕ ಮಕ್ಕಳಲ್ಲಿ 21-ಹೈಡ್ರಾಕ್ಸಿಲೇಸ್ ಎಂಬ ಕಿಣ್ವದ ಕೊರತೆಯಿದ್ದು, ಕಾರ್ಟಿಸೋಲ್ ಮತ್ತು ಆಲ್ಡೋಸ್ಟಿರೋನ್ ಎಂಬ ಎರಡು ಹಾರ್ಮೋನುಗಳು ಸಾಕಷ್ಟು ತಯಾರಾಗುವುದಿಲ್ಲ. ಆಲ್ಡೋಸ್ಟಿರೋನ್ ಇಲ್ಲದಿದ್ದರೆ ಉಪ್ಪಿನ ಅಂಶ ಮೂತ್ರದಲ್ಲಿ ಸೋರಿಹೋಗಿ, ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ. ಮಗು ಒಣಗಿ ಬಾಡಿದ್ದರೂ ಅದರ ಬಟ್ಟೆ ಮಾತ್ರ ಒದ್ದೆಯಾಗುತ್ತಲೇ ಇರುತ್ತದೆ; ವಾಂತಿ-ಭೇದಿಯೆಂದುಕೊಂಡವರು ಗಮನಿಸದೆ ಬಿಡುವ ಗುರುತು ಇದು. ಹೆಣ್ಣು ಶಿಶುವಿನ ಜನನಾಂಗದ ವ್ಯತ್ಯಾಸ ಹುಟ್ಟಿದೊಡನೆ ಕಣ್ಣಿಗೆ ಬೀಳುವುದುಂಟು, ಗಂಡು ಶಿಶು ಸರಿಯಾಗಿಯೇ ಕಾಣುತ್ತದೆ. ಎರಡನೆಯ ಅಥವಾ ಮೂರನೆಯ ವಾರದಲ್ಲಿ ಹಠಾತ್ತನೆ ಕುಸಿಯುತ್ತದೆ. ನಿಮ್ಮ ಮಗ ಬದುಕಿದ್ದು ಸಕಾಲಕ್ಕೆ ಯಾರೋ ಸೋಡಿಯಂ, ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿದ್ದರಿಂದ.

ನೀವು ಕೊಡುತ್ತಿರುವ ಸ್ಟಿರಾಯ್ಡ್ ದೇಹವೇ ಮಾಡಿಕೊಳ್ಳಬೇಕಿದ್ದ ಹಾರ್ಮೋನು. ಮಗು ಗಟ್ಟಿಯಾಗಿರುವುದು ಅದರಿಂದಲೇ, ಮತ್ತು ಆ ಕಿಣ್ವವನ್ನು ಹುಟ್ಟಿಸುವ ಬೇರು ಯಾವ ಕಾಡಿನಲ್ಲೂ ಇಲ್ಲ. ಹೀಗೆಯೇ ಔಷಧಿ ಬಿಡಿಸಿದ್ದ ಕೂಸೊಂದನ್ನು ನನ್ನ ಬಳಿಗೆ ತಂದಾಗ ಅದರ ಹೊಕ್ಕುಳಿನ ಸುತ್ತ ಬರೆ ಹಾಕಿದ ಮೂರು ಹಸಿ ಗಾಯಗಳಿದ್ದವು, ಕೈಕಾಲು ತಣ್ಣಗಾಗಿದ್ದವು. ರಕ್ತನಾಳ ಸಿಗುವ ಹೊತ್ತಿಗೆ ತಡವಾಗಿತ್ತು. ಬರೆ ಹಾಕುವವರ ಮೇಲಿನ ನನ್ನ ಸಿಟ್ಟು ಇಂದಿಗೂ ಇಳಿದಿಲ್ಲ.

ಎಳನೀರಿನಲ್ಲಿ ಸೋಡಿಯಂ ಕಡಿಮೆ, ಪೊಟ್ಯಾಸಿಯಂ ಹೆಚ್ಚು. ಈ ಮಗುವಿಗೆ ಬೇಕಾದುದಕ್ಕೆ ನೇರ ವಿರುದ್ಧ. ವರ್ಷದೊಳಗಿನ ಕೂಸಿಗೆ ಉಪ್ಪು ಬೇಡ ಎಂಬ ಮಾತು ಇತರ ಮಕ್ಕಳ ಮಟ್ಟಿಗೆ ಸರಿ, ಆದರೆ ಎದೆಹಾಲಿನಲ್ಲಿ ಸೋಡಿಯಂ ಅಲ್ಪವಾದ್ದರಿಂದ ಇಂಥ ಕೂಸಿಗೆ ದಿನಕ್ಕೆ ಸುಮಾರು 1ರಿಂದ 2 ಗ್ರಾಂ ಉಪ್ಪನ್ನು ಹಲವು ಹೊತ್ತಿಗೆ ಹಂಚಿ ಕೊಡಬೇಕಾಗುತ್ತದೆ. ವೈದ್ಯರು ಬರೆದುಕೊಟ್ಟ ಅಳತೆಯನ್ನು ನೆರೆಯವರ ಮಾತು ಕೇಳಿ ಬದಲಿಸಬೇಡಿ.

ಮಾತ್ರೆಯನ್ನು ಆಯಾ ಹೊತ್ತಿಗೇ ಎರಡು ಚಮಚಗಳ ನಡುವೆ ಪುಡಿಮಾಡಿ, ತುಸು ನೀರಿನಲ್ಲಿ ಕಲಸಿ ಪೂರ್ತಿ ಕುಡಿಸಿ. ಬೆಳಿಗ್ಗೆಯೇ ದಿನದ್ದೆಲ್ಲವನ್ನೂ ಕಲಸಿಟ್ಟರೆ ಪುಡಿ ತಳಕ್ಕಿಳಿದು ಪ್ರಮಾಣ ಏರುಪೇರಾಗುತ್ತದೆ. ಜ್ವರ 101 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಹೈಡ್ರೊಕಾರ್ಟಿಸೋನ್ ಮಾತ್ರ ಎರಡರಿಂದ ಮೂರು ಪಟ್ಟಾಗಬೇಕು. ಆ ಲೆಕ್ಕವನ್ನು ಇಂದೇ ಬರೆಸಿಕೊಳ್ಳಿ. ಕುಡಿಸಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಮತ್ತೊಮ್ಮೆ ಕೊಡಿ. ಅದೂ ನಿಲ್ಲದಿದ್ದರೆ ತೊಡೆಗೆ ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್ ಹಾಕಿಸಿ ತಕ್ಷಣ ಆಸ್ಪತ್ರೆಗೆ ಹೊರಡಿ. ಶಿಶುವಿಗೆ 25 ಮಿಲಿಗ್ರಾಂ. ಆ ವಯಲ್ ನಿಮ್ಮ ಮನೆಯಲ್ಲೇ ಇರಬೇಕು, ಏಕೆಂದರೆ ಹಳ್ಳಿಯಿಂದ ಮಾನ್ವಿಗೆ ಬಂದು ಮೆಡಿಕಲ್ ಶಾಪ್ ಹುಡುಕುವಷ್ಟು ಸಮಯ ಇಂಥ ಕೂಸಿಗೆ ಇರುವುದಿಲ್ಲ. ನಾನಂತೂ ಎರಡು ಸಲ ವಾಂತಿ ಮಾಡಿದ ಇಂಥ ಮಗುವನ್ನು ಮನೆಗೆ ಕಳುಹಿಸುವುದಿಲ್ಲ. ಅತಿ ಎಚ್ಚರ ಎನ್ನುವವರು ಎನ್ನಲಿ.

ಮುಂದಿನ ಪ್ರತಿ ಮಗುವಿಗೂ ಈ ದೋಷ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸೋದರ ಸಂಬಂಧದ ಮದುವೆಗಳಲ್ಲಿ ಇಂಥ ದೋಷಗಳು ಹೆಚ್ಚಾಗಿ ಕಾಣುತ್ತವೆ. ಮತ್ತೆ ಗರ್ಭ ಧರಿಸುವ ಮೊದಲೇ ಆನುವಂಶಿಕ ತಜ್ಞರನ್ನು ಕಾಣಿ.

ಪ್ರಶ್ನೆ: ಸ್ಕ್ಯಾನಿನಲ್ಲಿ ನವಜಾತ ಶಿಶುವಿನ ಅಡ್ರಿನಲ್ ದೊಡ್ಡದಿದೆ ಎಂದಿದ್ದಾರೆ. — ಗಂಗಾವತಿ

ಉತ್ತರ: ಬೇರೆ ತೊಂದರೆಯಿಲ್ಲದಿದ್ದರೆ ಅದು ಸಹಜ, ಗರ್ಭದಲ್ಲಿ ಬೇಕಾಗಿದ್ದ ಭಾಗ ಹುಟ್ಟಿದ ಮೇಲೆ ಕರಗುತ್ತದೆ.

ಪ್ರಶ್ನೆ: ಹಸುಗೂಸಿನ ಎದೆ ಉಬ್ಬಿದೆ, ಹಾಲು ಹಿಂಡಬೇಕಂತೆ? — ಸಿಂಧನೂರು

ಉತ್ತರ: ಹಿಂಡಬೇಡಿ, ಕೀವಾಗುತ್ತದೆ; ತಾಯಿಯ ಹಾರ್ಮೋನಿನಿಂದ ಬಂದ ಉಬ್ಬು ತಾನೇ ಇಳಿಯುತ್ತದೆ.

ಪ್ರಶ್ನೆ: ಕೂಸಿನ ತೊಡೆಸಂದಿಗೆ ಅಂಗಡಿಯವರು ಕೊಟ್ಟ ಕ್ರೀಮು ಎರಡು ತಿಂಗಳಿಂದ ಹಚ್ಚುತ್ತಿದ್ದೇವೆ, ಮುಖ ದುಂಡಗಾಗಿದೆ. — ಕೊಪ್ಪಳ

ಉತ್ತರ: ಅದು ಬಲವಾದ ಸ್ಟಿರಾಯ್ಡ್ ಕ್ರೀಮು ಆಗಿರಬಹುದು. ಕೂಸಿನ ತೆಳು ಚರ್ಮದ ಮೂಲಕ ಅದು ರಕ್ತ ಸೇರಿದರೆ ಅಡ್ರಿನಲ್ ತನ್ನ ಕೆಲಸ ನಿಲ್ಲಿಸಿಬಿಡುತ್ತದೆ. ನೀವಾಗಿಯೇ ಥಟ್ಟನೆ ಬಿಡಬೇಡಿ. ನಾಳೆಯೇ ಮಕ್ಕಳ ತಜ್ಞರ ಬಳಿಗೆ ಹೋಗಿ, ಆ ಕ್ರೀಮಿನ ಟ್ಯೂಬನ್ನೂ ಜೊತೆಗೆ ಒಯ್ಯಿರಿ.